ಸ್ಪ್ಯಾನಿಷ್ ಕ್ರಿಯಾಪದಗಳ ಕಾಲರೂಪಗಳು: ಬಾಯಿಪಾಠವಲ್ಲದೆ ಬೇರೆ ದಾರಿ ಇದೆಯೇ?

ಪ್ರಶ್ನೆ: ಕೋಥ್ರೂಡ್‌ವಾಸಿ, ಪುಣೆ

ಬಲ್ಲವರೆಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಕಡೆಯವಳು. ಪುಣೆಗೆ ಬಂದು ಹದಿನಾರು ವರ್ಷಗಳಾದವು. ಹಿಂಜೆವಾಡಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನಮ್ಮ ಗ್ರಾಹಕರಲ್ಲಿ ಬಹಳಷ್ಟು ಮಂದಿ ಮೆಕ್ಸಿಕೊದವರಾದ್ದರಿಂದ, ಅವರ ಮೇಲ್‌ಗಳಿಗೆ ಉತ್ತರಿಸಲು ಪ್ರತಿ ಸಲವೂ ಅನುವಾದ ಮಾಡುವ ಆ್ಯಪನ್ನೇ ನಂಬಿ ಕೂರುವುದು ಬೇಡವೆಂದು ಎಂಟು ತಿಂಗಳಿಂದ ಶನಿವಾರದ ಸ್ಪ್ಯಾನಿಷ್ ತರಗತಿಗೆ ಹೋಗುತ್ತಿದ್ದೇನೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳೂ ಮನೆಯಲ್ಲಿ ನನ್ನ ಜೊತೆ ಕೂತು ಕಲಿಯುತ್ತಾಳೆ.

ಶಬ್ದಗಳು ನೆನಪಿನಲ್ಲಿ ನಿಲ್ಲುತ್ತವೆ, ಕ್ರಿಯಾಪದದ ರೂಪಗಳು ಮಾತ್ರ ನಿಲ್ಲುವುದಿಲ್ಲ. ಕಳೆದ ತಿಂಗಳು ನಡೆದದ್ದನ್ನು ಹೇಳಿದರೆ ನನ್ನ ಕಷ್ಟ ತಿಳಿದೀತು. ಗ್ರಾಹಕರೊಬ್ಬರ ಬಾಕಿ ಬಿಲ್ಲು ಏನಾಯಿತೆಂದು ಮೆಕ್ಸಿಕೊದ ಸಹೋದ್ಯೋಗಿಯೊಬ್ಬರು ವಿಚಾರಿಸಿದ್ದರು. ‘ಸೋಮವಾರ ಬಿಲ್ಲಿನ ಹಣ ಕಟ್ಟಿದರು’ ಎಂದು ತಿಳಿಸಲು ನಾನು ‘ಪಗೋ ಲಾ ಫಕ್ತೂರ ಎಲ್ ಲೂನೆಸ್’ ಎಂದು ಬರೆಯಬೇಕಿತ್ತು. ಮೊದಲ ಪದದ ಕೊನೆಯ ಓಕಾರದ ಮೇಲೆ ಹಾಕಬೇಕಾದ ಸಣ್ಣ ಓರೆಗೆರೆಯನ್ನು ನಾನು ಹಾಕಲಿಲ್ಲ. ಅದು ‘ಪಾಗೊ’ ಆಯಿತು. ಅರ್ಥ ‘ಸೋಮವಾರ ನಾನು ಬಿಲ್ಲಿನ ಹಣ ಕಟ್ಟುತ್ತೇನೆ’ ಎಂದಾಯಿತು. ‘ನೀವು ಕಟ್ಟಬೇಕಾದ ಬಿಲ್ಲು ಯಾವುದೂ ಇಲ್ಲವಲ್ಲ’ ಎಂದು ಅವರು ಮರುದಿನ ಬರೆದಾಗ ನನಗೆ ತಲೆಬುಡ ತಿಳಿಯಲಿಲ್ಲ. ಗ್ರಾಹಕರಿಗೆ ಅಷ್ಟರಲ್ಲಿ ಜ್ಞಾಪನ ಪತ್ರವೂ ಹೋಗಿಬಿಟ್ಟಿತ್ತು. ಹಣ ಕಟ್ಟಿದವರಿಗೇ ಕಟ್ಟಿರೆಂದು ಬರೆದ ಹಾಗಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ತರಗತಿಯಲ್ಲಿ ಕೊಟ್ಟಿರುವ ಕೋಷ್ಟಕದಲ್ಲಿ ಮೂರು ಬಗೆಯ ಧಾತುಗಳು, ಒಂದೊಂದಕ್ಕೂ ಆರು ರೂಪಗಳು, ಅವು ಐದು ಕಾಲಗಳಲ್ಲಿ. ಒಟ್ಟು 90 ರೂಪಗಳು. ಇವೆಲ್ಲವೂ ನಿಯಮ ಮೀರದ ಕ್ರಿಯಾಪದಗಳವು. ನಿಯಮ ಮೀರುವವು ಇನ್ನೂ ಬೇರೆ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಬಲ್ಲೆ, ಆದರೆ ವಾಕ್ಯ ಬರೆಯುವಾಗ ಕೈ ನಿಲ್ಲುತ್ತದೆ. ಕನ್ನಡದವರಿಗೆ ಹತ್ತಿರವಾಗುವ ಬೇರೆ ದಾರಿ ಏನಾದರೂ ಇದೆಯೇ? ಭೂತಕಾಲ ಎರಡೆರಡು ಏಕಿವೆ, ಯಾವುದನ್ನು ಎಲ್ಲಿ ಬಳಸಬೇಕು? ಆರು ರೂಪಗಳಲ್ಲಿ ‘ನೀವೆಲ್ಲ’ ಎಂಬರ್ಥದ ‘ಬೊಸೋತ್ರೊಸ್’ ಎಂಬುದರ ರೂಪ ಮೆಕ್ಸಿಕೊದವರ ಮೇಲ್‌ಗಳಲ್ಲಿ ಒಮ್ಮೆಯೂ ಕಾಣಿಸಿಲ್ಲ, ಅದನ್ನೂ ಕಲಿಯಲೇಬೇಕೇ?

ಉತ್ತರ 1: ಮಾಟುಂಗಾ ಮೇಷ್ಟ್ರು, ಮುಂಬಯಿ

ಸೋದರಿಯವರೇ, ನಾನು ಹಲವು ವರ್ಷಗಳಿಂದ ಇಲ್ಲಿ ಸ್ಪ್ಯಾನಿಷ್ ಪಾಠ ಹೇಳುತ್ತಿದ್ದೇನೆ. ಕನ್ನಡ ಬಲ್ಲ ವಿದ್ಯಾರ್ಥಿ ಬಂದರೆ ಮೊದಲ ದಿನ ನಾನು ಕೋಷ್ಟಕವನ್ನು ಕೊಡುವುದಿಲ್ಲ, ‘ಮಾತಾಡುತ್ತೇನೆ’ ಎಂಬ ಪದವನ್ನು ಹಲಗೆಯ ಮೇಲೆ ಬರೆದು ಅದನ್ನು ಬಿಡಿಸಿ ಎನ್ನುತ್ತೇನೆ. ‘ಮಾತಾಡು’ ಧಾತು, ‘ತ್ತ್’ ಕಾಲದ ಗುರುತು, ‘ಏನೆ’ ಎಂಬುದು ನಾನು ಎಂಬುದರ ಗುರುತು. ಕೊನೆಯ ತುಣುಕಿನಲ್ಲೇ ಕರ್ತೃ ಕೂತಿರುವುದರಿಂದ ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ಸ್ಪ್ಯಾನಿಷ್ ಕ್ರಿಯಾಪದವನ್ನೂ ಹೀಗೆಯೇ ಬಿಡಿಸಬಹುದು. ಈ ಕಟ್ಟಿನ ಮೂಲಕ ಭಾಷೆಯನ್ನು ನೋಡುವ ಅಭ್ಯಾಸ ನಮಗೆ ಹುಟ್ಟಿನಿಂದಲೇ ಇದೆ.

ಬರೆಯುವ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಒತ್ತಿನ ಭೇದವಿದೆ. ಕನ್ನಡ ಲಿಪಿಯಲ್ಲಿ ಬರೆಯುವಾಗ ಒತ್ತು ಬೀಳುವ ಸ್ವರವನ್ನು ನಾನು ದೀರ್ಘವಾಗಿ ಬರೆಯುತ್ತೇನೆ. ನೀವೂ ‘ಪಾಗೊ’ ಮತ್ತು ‘ಪಗೋ’ ಎಂದು ತಾನಾಗಿಯೇ ಹಾಗೆ ಬರೆದಿದ್ದೀರಿ, ನಿಮ್ಮ ಕಿವಿ ಸರಿಯಾಗಿದೆ. ಮಾತಾಡು ಎಂಬರ್ಥದ ‘ಅಬ್ಲಾರ್’, ತಿನ್ನು ಎಂಬರ್ಥದ ‘ಕೊಮೇರ್’, ವಾಸಿಸು ಎಂಬರ್ಥದ ‘ಬಿಬೀರ್’: ಈ ಮೂರು ಆರ್, ಏರ್, ಈರ್ ಎಂಬ ಮೂರು ಗುಂಪುಗಳಿಗೆ ಮಾದರಿಗಳು. ಹೆಚ್ಚಿನ ಕ್ರಿಯಾಪದಗಳು ಮೊದಲ ಗುಂಪಿನವು, ಹೊಸದಾಗಿ ಹುಟ್ಟುವವೂ ಅದಕ್ಕೇ ಸೇರುತ್ತವೆ. ನಾವು ‘ಚರ್ಚೆ’ಗೆ ‘ಇಸು’ ಹಚ್ಚಿ ‘ಚರ್ಚಿಸು’ ಮಾಡಿಕೊಂಡಂತೆ ಅವರು ‘ಚಾಟ್’ ಎಂಬುದಕ್ಕೆ ಪ್ರತ್ಯಯ ಹಚ್ಚಿ ‘ಚತೆಯಾರ್’ ಮಾಡಿಕೊಂಡಿದ್ದಾರೆ.

ಈಗ ಕರ್ತೃವಿನ ಗುರುತುಗಳನ್ನು ನೋಡಿ. ಪದದ ಕೊನೆಯಲ್ಲಿ ‘ಸ್’ ಬಂದರೆ ನೀನು, ‘ಮೊಸ್’ ಬಂದರೆ ನಾವು, ‘ನ್’ ಬಂದರೆ ಅವರು, ಏನೂ ಬರದಿದ್ದರೆ ಅವನು ಅಥವಾ ಅವಳು ಅಥವಾ ಅದು. ಆಬ್ಲಸ್, ಅಬ್ಲಾಮೊಸ್, ಆಬ್ಲನ್, ಆಬ್ಲ. ತಿನ್ನುವುದಕ್ಕೆ ಕೋಮೆಸ್, ಕೊಮೇಮೊಸ್, ಕೋಮೆನ್, ಕೋಮೆ. ವರ್ತಮಾನದಲ್ಲಿ ನಾನು ಎಂಬುದಕ್ಕೆ ಮಾತ್ರ ‘ಒ’ ಎಂಬ ಗುರುತಿದೆ: ಆಬ್ಲೊ, ಕೋಮೊ, ಬೀಬೊ. ನಮ್ಮಲ್ಲಿ ಆನೆ, ಆಳೆ, ಅದೆ ಎಂದು ಲಿಂಗಕ್ಕೊಂದು ರೂಪವಿರುವಲ್ಲಿ ಅವರು ಒಂದರಲ್ಲೇ ಮುಗಿಸುತ್ತಾರೆ. ಏರ್ ಮತ್ತು ಈರ್ ಗುಂಪುಗಳ ನಡುವೆ ವರ್ತಮಾನದಲ್ಲಿ ‘ನಾವು’ ಮತ್ತು ‘ಬೊಸೋತ್ರೊಸ್’ ರೂಪಗಳಲ್ಲಿ ಮಾತ್ರ ವ್ಯತ್ಯಾಸ. ಭೂತಕಾಲದ ಎರಡರಲ್ಲೂ ಅವುಗಳ ಪ್ರತ್ಯಯಗಳು ಒಂದೇ. ನಿಮ್ಮ 90ರಲ್ಲಿ ಎಷ್ಟೋ ರೂಪಗಳು ಇಲ್ಲಿಯೇ ಕಳಚಿಕೊಳ್ಳುತ್ತವೆ.

ಇನ್ನು ಕಾಲದ ಗುರುತುಗಳು. ‘ಮಾತಾಡುತ್ತಿದ್ದೆ’ ಎಂಬರ್ಥದ ಇಂಪೆರ್ಫೇಕ್ತೊದಲ್ಲಿ ಆರ್ ಗುಂಪಿಗೆ ‘ಬ’, ಉಳಿದೆರಡಕ್ಕೆ ‘ಈಯ’. ಅದರ ಮುಂದೆ ಅದೇ ಹಳೆಯ ಸ್, ಮೊಸ್, ನ್ ಬರುತ್ತವೆ: ಅಬ್ಲಾಬಸ್, ಅಬ್ಲಾಬಮೊಸ್, ಅಬ್ಲಾಬನ್, ಕೊಮೀಯಸ್, ಕೊಮೀಯಮೊಸ್, ಕೊಮೀಯನ್. ಇಡೀ ಸ್ಪ್ಯಾನಿಷ್‌ನಲ್ಲಿ ಈ ಕಾಲದ ನಿಯಮವನ್ನು ಮೀರುವ ಕ್ರಿಯಾಪದಗಳು ಮೂರೇ: ಇರು ಎಂಬರ್ಥದ ಸೇರ್, ಹೋಗು ಎಂಬರ್ಥದ ಈರ್, ನೋಡು ಎಂಬರ್ಥದ ಬೇರ್. ಇದರಲ್ಲಿ ನಾನು ಎಂಬುದಕ್ಕೂ ಅವನು ಎಂಬುದಕ್ಕೂ ‘ಅಬ್ಲಾಬ’ ಒಂದೇ ರೂಪ. ಗಾಬರಿಯಾಗಬೇಡಿ, ‘ನಾನು ಹೋದೆ’, ‘ನೀನು ಹೋದೆ’ ಎಂಬಲ್ಲಿ ನಮ್ಮ ಕ್ರಿಯಾಪದವೂ ಒಂದೇ ಆಗಿದೆ, ಅನುಮಾನ ಬರುವ ಕಡೆ ನಾವು ಸರ್ವನಾಮ ಸೇರಿಸುತ್ತೇವೆ. ಅವರೂ ಅಂಥ ಕಡೆ ‘ಯೊ ಅಬ್ಲಾಬ’ ಎಂದು ಸೇರಿಸುತ್ತಾರೆ.

ಬಾಯಿಪಾಠ ಮಾಡಲೇಬೇಕಾದದ್ದು ಒಂದೇ ಒಂದು. ಅದು ‘ಮಾತಾಡಿದೆ’ ಎಂಬರ್ಥದ ಇಂದೆಫಿನೀದೊ. ಇಲ್ಲಿ ಕಾಲವೂ ಕರ್ತೃವೂ ಒಂದೇ ತುಣುಕಿನಲ್ಲಿ ಬೆಸೆದುಕೊಂಡಿರುವುದರಿಂದ ಬಿಡಿಸಲು ಬರುವುದಿಲ್ಲ. ಅಬ್ಲೇ, ಅಬ್ಲಾಸ್ತೆ, ಅಬ್ಲೋ, ಅಬ್ಲಾಮೊಸ್, ಅಬ್ಲಾರೊನ್. ಕೊಮೀ, ಕೊಮೀಸ್ತೆ, ಕೊಮಿಯೋ, ಕೊಮೀಮೊಸ್, ಕೊಮಿಯೇರೊನ್. ಇವನ್ನು ಕಣ್ಣಿನಿಂದ ಕಲಿಯದೆ ಬಾಯಿಯಿಂದ ಕಲಿಯಿರಿ. ನಾನು ಮತ್ತು ಅವನು ಎಂಬ ರೂಪಗಳಲ್ಲಿ ಒತ್ತು ಕೊನೆಯ ಸ್ವರದ ಮೇಲೆ ಬೀಳುವುದೇ ಈ ಕಾಲದ ಜೀವ. ಸ್ವರದಿಂದಾಗಲಿ, ನ್ ಅಥವಾ ಸ್‌ನಿಂದಾಗಲಿ ಮುಗಿಯುವ ಪದದಲ್ಲಿ ಒತ್ತು ಸಹಜವಾಗಿ ಕೊನೆಯದಕ್ಕಿಂತ ಹಿಂದಿನ ಅಕ್ಷರದ ಮೇಲೆ ಬೀಳುತ್ತದೆ. ಹಾಗೆ ಬೀಳದಿದ್ದರೆ ಅದನ್ನು ತೋರಿಸಲೆಂದೇ ಆ ಓರೆಗೆರೆ. ಆದ್ದರಿಂದ ಅದು ಅಲಂಕಾರದ ಗುರುತಲ್ಲ, ನಿಮ್ಮ ಮೇಲ್‌ನಲ್ಲಿ ಕಾಲವನ್ನೂ ಕರ್ತೃವನ್ನೂ ಹೊತ್ತಿದ್ದದ್ದು ಆ ಗೆರೆಯೊಂದೇ. ಅದರ ಮೇಲೆ ‘ಎಲ್ ಲೂನೆಸ್’ ಎಂಬುದು ಹೋದ ಸೋಮವಾರಕ್ಕೂ ಬರುವ ಸೋಮವಾರಕ್ಕೂ ಸಲ್ಲುತ್ತದೆ, ವರ್ತಮಾನ ರೂಪವನ್ನು ಮುಂದಾಗುವ ಕೆಲಸಕ್ಕೆ ಬಳಸುವುದು ನಾವು ‘ಸೋಮವಾರ ಕಟ್ಟುತ್ತೇನೆ’ ಎನ್ನುವಷ್ಟೇ ಅವರಿಗೂ ಸಹಜ. ಹೀಗಾಗಿ ನಿಮ್ಮ ಸಹೋದ್ಯೋಗಿಗೆ ಅದು ತಪ್ಪು ವಾಕ್ಯವೆಂದು ತೋರಲೇ ಇಲ್ಲ.

ಎರಡು ಭೂತಕಾಲಗಳ ಬಗ್ಗೆ ಕೇಳಿದ್ದೀರಿ. ಮುಗಿದ ಕೆಲಸಕ್ಕೆ ‘ಮಾತಾಡಿದೆ’, ನಡೆಯುತ್ತಿದ್ದ ಅಥವಾ ರೂಢಿಯಾಗಿದ್ದ ಕೆಲಸಕ್ಕೆ ‘ಮಾತಾಡುತ್ತಿದ್ದೆ’. ‘ನಾನು ಊಟ ಮಾಡುತ್ತಿದ್ದಾಗ ಅವನು ಫೋನು ಮಾಡಿದ’ ಎಂಬುದು ‘ಕೊಮೀಯ ಕ್ವಾಂದೊ ಯಮೋ’. ಕನ್ನಡದಲ್ಲಿ ಎಲ್ಲಿ ‘ಉತ್ತಿದ್ದ’ ಬರುತ್ತದೋ ಅಲ್ಲಿ ಬಹುಮಟ್ಟಿಗೆ ಇಂಪೆರ್ಫೇಕ್ತೊ ಬರುತ್ತದೆ. ಬಹುಮಟ್ಟಿಗೆ ಎಂದೆ, ಏಕೆಂದರೆ ಒಂದು ಕಡೆ ಇದು ಕೈಕೊಡುತ್ತದೆ. ನೀವು ನಾಲ್ಕು ವಾಕ್ಯ ಬರೆದು ಹಾಕಿದರೆ ಅಲ್ಲಿಯೇ ತೋರಿಸುತ್ತೇನೆ.

ಬೊಸೋತ್ರೊಸ್ ಸ್ಪೇನ್ ದೇಶದ ಬಳಕೆ. ಮೆಕ್ಸಿಕೊದಲ್ಲೂ ಲ್ಯಾಟಿನ್ ಅಮೆರಿಕದ ಉಳಿದ ಕಡೆಗಳಲ್ಲೂ ‘ನೀವೆಲ್ಲ’ ಎಂಬುದಕ್ಕೆ ‘ಉಸ್ತೇದೆಸ್’ ಎನ್ನುತ್ತಾರೆ, ಅದಕ್ಕೆ ಅವರು ಎಂಬುದರ ‘ಆಬ್ಲನ್’ ರೂಪವೇ ಸಾಕು. ಓದುವಾಗ ಗುರುತಿಸುವಷ್ಟು ತಿಳಿದಿರಲಿ, ಬರೆಯುವ ಕಷ್ಟ ಬೇಡ. ಒಬ್ಬರಿಗೆ ಗೌರವದಿಂದ ‘ಉಸ್ತೇದ್’ ಎನ್ನುವಾಗಲೂ ಕ್ರಿಯಾಪದ ಪ್ರಥಮ ಪುರುಷದ್ದೇ. ಆ ಪದ ‘ತಮ್ಮ ಅನುಗ್ರಹ’ ಎಂಬಂಥ ಹಳೆಯ ಗೌರವವಾಚಕದಿಂದ ಸವೆದು ಬಂದದ್ದು. ಎದುರಿಗೆ ಕೂತವರನ್ನೇ ‘ರಾಯರು ಯಾವಾಗ ಬಂದರು?’ ಎಂದು ಕೇಳುವ ನಮ್ಮ ಕಡೆಯ ಹಿರಿಯರ ರೀತಿಯನ್ನು ನೆನೆದರೆ ಇದು ವಿಚಿತ್ರವೆನಿಸುವುದಿಲ್ಲ.

ಉತ್ತರ 2: ಮುಳಾ ತೀರ, ಪುಣೆ

ಮೇಷ್ಟ್ರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಪುಣೆಯಲ್ಲಿ ಬೆಳೆದ ನಿಮ್ಮ ಮಗಳಿಗೆ ಮರಾಠಿಯೂ ಚೆನ್ನಾಗಿ ಬರುತ್ತಿರಬೇಕು. ‘ಲಹಾನ್‌ಪಣೀ ಆಮ್ಹೀ ಖೇಳಾಯಚೋ’ ಎಂಬಲ್ಲಿನ ‘ಆಯಚೋ’ ರೂಪವಿದೆಯಲ್ಲ, ಚಿಕ್ಕವರಿದ್ದಾಗ ಆಡುತ್ತಿದ್ದೆವು ಎಂಬ ಅರ್ಥದ್ದು, ಅದು ರೂಢಿಯನ್ನು ಹೇಳುವ ಇಂಪೆರ್ಫೇಕ್ತೊಗೆ ಬಹಳ ಹತ್ತಿರ. ‘ಹುಗಾಬಮೊಸ್’ ಎಂದರೆ ಅದೇ. ನನ್ನ ಮಗನಿಗೆ ಇದು ಕನ್ನಡಕ್ಕಿಂತ ಬೇಗ ಹಿಡಿಸಿತು.

ಆದರೆ ಮರಾಠಿಯ ಒಂದು ಅಭ್ಯಾಸವನ್ನು ಹೊರಗಿಡಬೇಕು. ‘ಮೀ ಪೋಳೀ ಖಾಲ್ಲೀ’ ಎಂಬಲ್ಲಿ ಕ್ರಿಯಾಪದ ತಿಂದವನನ್ನು ಬಿಟ್ಟು ತಿಂದ ಪೋಳಿಯ ಲಿಂಗವನ್ನು ಅನುಸರಿಸುತ್ತದೆ. ‘ತಿಂದಿದ್ದೇನೆ’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಎ ಕೊಮೀದೊ’ ಎನ್ನುತ್ತಾರೆ, ಹಣ್ಣು ಸ್ತ್ರೀಲಿಂಗವಾದರೂ ಪುಲ್ಲಿಂಗವಾದರೂ ‘ಕೊಮೀದೊ’ ಬದಲಾಗುವುದಿಲ್ಲ. ಮಗ ಅದನ್ನು ‘ಕೊಮೀದ’ ಮಾಡುತ್ತಿದ್ದ. ಕೊಮೀದ ಎಂದರೆ ಊಟ ಎಂಬ ನಾಮಪದವೇ ಬೇರೆ ಇದೆ. ನಿಮ್ಮ ಕೆಲಸ ಮೆಕ್ಸಿಕೊದವರೊಡನೆ ಆದ್ದರಿಂದ ಇದನ್ನೂ ಗಮನಿಸಿ: ಸ್ಪೇನ್‌ನಲ್ಲಿ ‘ಆಗಲೇ ತಿಂದಿದ್ದೇನೆ’ ಎಂಬುದಕ್ಕೆ ‘ಯಾ ಎ ಕೊಮೀದೊ’ ಎಂದರೆ, ಮೆಕ್ಸಿಕೊದವರು ಸಾಮಾನ್ಯವಾಗಿ ‘ಯಾ ಕೊಮೀ’ ಎಂದೇ ಮುಗಿಸುತ್ತಾರೆ.

ಉತ್ತರ 3: ಝುವಾರಿ, ವಾಸ್ಕೊ, ಗೋವಾ

ಭವಿಷ್ಯತ್ ಕಾಲದ ಬಗ್ಗೆ ಯಾರೂ ಹೇಳದಿರುವುದರಿಂದ ನಾನು ಬರೆಯುತ್ತಿದ್ದೇನೆ. ನನಗೆ ಬಹಳ ಪ್ರಿಯವಾದ ಭಾಗವೂ ಅದೇ.

ಸ್ಪ್ಯಾನಿಷ್ ಭವಿಷ್ಯತ್ತಿಗೆ ಧಾತುವನ್ನು ಕತ್ತರಿಸಬೇಕಾಗಿಲ್ಲ. ‘ಅಬ್ಲಾರ್’ ಎಂಬ ಇಡೀ ಪದದ ಮುಂದೆಯೇ ಪ್ರತ್ಯಯ ಬರುತ್ತದೆ: ಅಬ್ಲರೇ, ಅಬ್ಲರಾಸ್, ಅಬ್ಲರಾ, ಅಬ್ಲರೇಮೊಸ್, ಅಬ್ಲರಾನ್. ಮೂರು ಗುಂಪುಗಳಿಗೂ ಇವೇ ಪ್ರತ್ಯಯಗಳು, ಕೊಮೆರೇ, ಬಿಬಿರೇ. ಈ ಪ್ರತ್ಯಯಗಳು ಎಲ್ಲಿಂದ ಬಂದವೆಂದು ತಿಳಿದರೆ ಮತ್ತೆ ಮರೆಯುವುದಿಲ್ಲ. ‘ಅಬೇರ್’ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪಗಳು ಎ, ಅಸ್, ಅ, ಎಮೊಸ್, ಅನ್. ‘ಅಬ್ಲಾರ್’ ಮತ್ತು ‘ಎ’ ಕೂಡಿ ‘ಅಬ್ಲರೇ’ ಆಯಿತು. ಆಂತೋನಿಯೊ ದೆ ನೆಬ್ರಿಹ 1492ರಲ್ಲಿ ಕಸ್ತಿಲಿಯನ್, ಅಂದರೆ ಸ್ಪ್ಯಾನಿಷ್, ಭಾಷೆಗೆ ವ್ಯಾಕರಣ ಬರೆದಾಗಲೇ ಈ ಕೂಡಿಕೆಯನ್ನು ಗುರುತಿಸಿದ್ದರು. ಹಿಂದಿನ ಉತ್ತರದಲ್ಲಿ ಬಂದ ‘ಎ ಕೊಮೀದೊ’ದಲ್ಲಿ ಮುಂದೆ ನಿಂತಿರುವ ‘ಎ’ ಮತ್ತು ಇಲ್ಲಿ ಬೆನ್ನಿಗೆ ಅಂಟಿರುವ ‘ಎ’ ಒಂದೇ.

ಈ ಬೆಸುಗೆಯನ್ನು ನಾನು ಕಣ್ಣಾರೆ ಕಂಡದ್ದು ಪೋರ್ಚುಗೀಸ್‌ನಲ್ಲಿ. ನಮ್ಮ ನೆರೆಮನೆಯ ಅಜ್ಜಿ 1961ಕ್ಕೆ ಮುಂಚೆ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು. ನಾನು ಬಾಗಲಕೋಟೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸದರಲ್ಲಿ, ಸ್ಪ್ಯಾನಿಷ್ ಪುಸ್ತಕ ಹಿಡಿದು ಬಾಲ್ಕಾವ್ ಎಂಬ ಮನೆಮುಂದಿನ ಜಗಲಿಯ ಮೇಲೆ ಕೂತಿದ್ದಾಗ ಅವರು ಒಂದು ಕಾಗದ ತೆಗೆದುಕೊಂಡು ‘ಅವನೊಡನೆ ಮಾತಾಡುವೆನು’ ಎಂಬುದನ್ನು ತಮ್ಮ ಶಾಲೆಯ ಶುದ್ಧ ಭಾಷೆಯಲ್ಲಿ ಮೂರು ತುಂಡುಗಳಾಗಿ, ನಡುವೆ ಅಡ್ಡಗೆರೆ ಹಾಕಿ ಬರೆದು ತೋರಿಸಿದರು. ಮೊದಲು ಮಾತಾಡು ಎಂಬ ‘ಫಲಾರ್’, ನಡುವೆ ಅವನಿಗೆ ಎಂಬ ಸರ್ವನಾಮ, ಆಮೇಲೆ ‘ಏಯ್’ ಎಂಬ ಪ್ರತ್ಯಯ. ಕ್ರಿಯಾಪದದ ಹೊಟ್ಟೆಯೊಳಗೆ ಸರ್ವನಾಮ! ಪೋರ್ಚುಗೀಸ್‌ನ ಶಿಷ್ಟ ಬರಹದಲ್ಲಿ ಇದು ಇಂದಿಗೂ ಉಳಿದಿದೆ, ಹಳೆಯ ಸ್ಪ್ಯಾನಿಷ್‌ನಲ್ಲೂ ಹೀಗೆ ನಡುವೆ ಸೇರಿಸುತ್ತಿದ್ದರು. ನಾವು ‘ಹೇಳಿದ್ದೇನೆ’ ಎಂಬುದರ ಬೆಸುಗೆಯನ್ನು ಬಿಡಿಸಿ ‘ಹೇಳಿಯೇ ಇದ್ದೇನೆ’ ಎನ್ನುವುದಿಲ್ಲವೇ, ಹಾಗೆ.

‘ಮಾತಾಡುತ್ತಿದ್ದೆ, ಆದರೆ’ ಎಂದು ಷರತ್ತು ಇಟ್ಟು ಹೇಳುವ ರೂಪವೂ ಇದೇ ಬುಡದ ಮೇಲೆ ನಿಲ್ಲುತ್ತದೆ: ಅಬ್ಲರೀಯ, ಕೊಮೆರೀಯ. ‘ಈಯ’ ಎಂಬ ಬಾಲ ಮೇಷ್ಟ್ರು ಹೇಳಿದ ‘ಕೊಮೀಯ’ದಲ್ಲಿಯೂ ಇರುವುದರಿಂದ ಕಿವಿ ಮೋಸ ಹೋಗುತ್ತದೆ, ‘ಈಯ’ಕ್ಕೆ ಮುಂಚೆ ಆರ್, ಏರ್, ಈರ್ ಎಂಬುದರ ಕೊನೆಯ ರಕಾರ ಉಳಿದಿದ್ದರೆ ಷರತ್ತು, ಅದು ಕಳಚಿದ್ದರೆ ಭೂತಕಾಲ.

ಗೋವಾದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಪೋರ್ಚುಗೀಸ್‌ನ ‘ಫಲಾವ’ ಮತ್ತು ಸ್ಪ್ಯಾನಿಷ್‌ನ ‘ಅಬ್ಲಾಬ’ ಅಕ್ಕತಂಗಿಯರಂತೆ ಇರುವುದು ಸಹಾಯಕ್ಕೆ ಬರುತ್ತದೆ, ಆದರೆ ‘ಮಾತಾಡಿದೆ’ ಎಂಬುದಕ್ಕೆ ಅವರು ‘ಫಲೇಯ್’ ಎಂದರೆ ಇವರು ‘ಅಬ್ಲೇ’, ‘ಮಾತಾಡಿದ’ ಎಂಬುದಕ್ಕೆ ಅವರು ‘ಫಲೋವ್’ ಎಂದರೆ ಇವರು ‘ಅಬ್ಲೋ’. ಎರಡನ್ನೂ ಒಟ್ಟಿಗೆ ಕಲಿಯಲು ಹೋಗಬೇಡಿ.

ಕೋಥ್ರೂಡ್‌ವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಕೋಷ್ಟಕವನ್ನು ಮಡಿಸಿಟ್ಟು, ಮಗಳೂ ನಾನೂ ಪದಗಳನ್ನು ತುಂಡು ಮಾಡಿ ಚೀಟಿಗಳ ಮೇಲೆ ಬರೆದು ಜೋಡಿಸಿದೆವು. ‘ಬ’ ಬರೆದ ಚೀಟಿ ಒಂದೇ ಇದ್ದರೂ ಎಷ್ಟು ಧಾತುಗಳಿಗೆ ಹೊಂದುತ್ತದೆಂದು ಅವಳಿಗೆ ಆಶ್ಚರ್ಯ. ಮೇಷ್ಟ್ರು ಕೇಳಿದಂತೆ ನನ್ನ ತಂದೆಯವರ ಬಗ್ಗೆ ನಾಲ್ಕು ವಾಕ್ಯ ಬರೆದಿದ್ದೇನೆ. ದಯವಿಟ್ಟು ತಿದ್ದಿರಿ.

‘ಮಿ ಪಾದ್ರೆ ಬಿಬೀಯ ದಿಯೇಸ್ ಆನ್ಯೊಸ್ ಎನ್ ಖಡ್ಕಿ.’ ನಮ್ಮ ತಂದೆ ಹತ್ತು ವರ್ಷ ಖಡ್ಕಿಯಲ್ಲಿ ವಾಸಿಸುತ್ತಿದ್ದರು.

‘ಕಾದ ದೊಮೀಂಗೊ ಎಸ್ಕ್ರಿಬೀಯ ಊನ ಕಾರ್ತ ಅ ಮಿ ಅಬ್ವೇಲ.’ ಪ್ರತಿ ಭಾನುವಾರ ಅಜ್ಜಿಗೆ ಒಂದು ಕಾಗದ ಬರೆಯುತ್ತಿದ್ದರು.

‘ಕೊಂಪ್ರೋ ಊನ ಬಿಸಿಕ್ಲೇತ.’ ಒಂದು ಸೈಕಲ್ಲು ಕೊಂಡರು.

‘ಮನ್ಯಾನ ಆಬ್ಲೊ ಕೊನ್ ಮಿ ಪಾದ್ರೆ.’ ನಾಳೆ ತಂದೆಯೊಡನೆ ಮಾತಾಡುತ್ತೇನೆ.

ಮಾಟುಂಗಾ ಮೇಷ್ಟ್ರು

ಕೊನೆಯ ಮೂರು ವಾಕ್ಯಗಳಲ್ಲಿ ತಿದ್ದುವುದು ಏನೂ ಇಲ್ಲ. ‘ಕೊಂಪ್ರೋ’ದಲ್ಲಿ ಒತ್ತನ್ನು ಸರಿಯಾದ ಜಾಗದಲ್ಲಿ ಹಾಕಿದ್ದೀರಿ; ಓರೆಗೆರೆಯ ವಿಷಯದಲ್ಲಿ ಇನ್ನು ನೀವು ತಪ್ಪುವವರಲ್ಲ. ಫೋನಿನಲ್ಲಿ ಬರೆಯುವಾಗ ಆ ಅಕ್ಷರವನ್ನು ಒತ್ತಿ ಹಿಡಿದರೆ ಗೆರೆಯಿರುವ ರೂಪ ಮೇಲೆ ಬರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಸ್ಪ್ಯಾನಿಷ್ ಕೀಲಿಮಣೆಯನ್ನು ಸೇರಿಸಿಕೊಳ್ಳಿ.

ಮೊದಲ ವಾಕ್ಯವೇ ನಾನು ಹೇಳಿದ್ದ ಆ ಜಾಗ. ಕನ್ನಡದಲ್ಲಿ ‘ಹತ್ತು ವರ್ಷ ವಾಸಿಸುತ್ತಿದ್ದರು’ ಎಂದರೆ ಯಾರೂ ತಪ್ಪೆನ್ನುವುದಿಲ್ಲ. ಸ್ಪ್ಯಾನಿಷ್ ಮಾತ್ರ ಇಲ್ಲಿ ‘ಬಿಬಿಯೋ’ ಬೇಕೆನ್ನುತ್ತದೆ. ಕೆಲಸ ಎಷ್ಟು ದೀರ್ಘ ಕಾಲ ನಡೆಯಿತು ಎಂಬುದನ್ನು ಆ ಭಾಷೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಆದಿ ಅಂತ್ಯಗಳನ್ನು ಹೇಳುವವರು ಕಟ್ಟಿಕೊಟ್ಟಿದ್ದಾರೆಯೇ ಎಂಬುದನ್ನು ಹಿಡಿಯುತ್ತದೆ. ಹತ್ತು ವರ್ಷ ಎಂದು ಅಳತೆ ಕೊಟ್ಟ ಕೂಡಲೇ ಆ ವಾಸ ಎರಡೂ ಕಡೆ ಬೇಲಿ ಹಾಕಿದ ಹೊಲದಂತಾಯಿತು. ನೂರು ವರ್ಷ ಎಂದಿದ್ದರೂ ಅದು ‘ಬಿಬಿಯೋ’ ಆಗುತ್ತಿತ್ತು. ಅದೇ ತಂದೆ, ಅದೇ ಖಡ್ಕಿ, ಆದರೆ ‘ನಮ್ಮ ತಂದೆ ಖಡ್ಕಿಯಲ್ಲಿ ವಾಸಿಸುತ್ತಿದ್ದಾಗ ಸೈಕಲ್ಲು ಕೊಂಡರು’ ಎಂದರೆ ಬೇಲಿ ಕಾಣಿಸುವುದಿಲ್ಲ, ನಾವು ಹೊಲದ ನಡುವೆ ನಿಂತಿದ್ದೇವೆ. ಅಲ್ಲಿ ‘ಬಿಬೀಯ’ ಸರಿ. ಪ್ರತಿ ಭಾನುವಾರದ ಕಾಗದಗಳಿಗೆ ಎಣಿಕೆ ಇಲ್ಲದ್ದರಿಂದ ‘ಎಸ್ಕ್ರಿಬೀಯ’ ಸರಿ. ‘ಮೂರು ಕಾಗದ ಬರೆದರು’ ಎಂದು ಎಣಿಸಿದರೆ ‘ಎಸ್ಕ್ರಿಬಿಯೋ ತ್ರೆಸ್ ಕಾರ್ತಸ್’.

ಒಂದು ಎಚ್ಚರಿಕೆ. ಎಸ್ಕ್ರಿಬೀರ್ ಎಲ್ಲ ಕಾಲಗಳಲ್ಲೂ ನಿಯಮದಂತೆಯೇ ನಡೆಯುತ್ತದೆ, ಆದರೆ ‘ಬರೆದಿದ್ದೇನೆ’ ಎಂಬಲ್ಲಿ ಮಾತ್ರ ‘ಎಸ್ಕ್ರಿಬೀದೊ’ ಆಗದೆ ‘ಎಸ್ಕ್ರೀತೊ’ ಆಗುತ್ತದೆ. ಮಗಳು ಅದಕ್ಕೊಂದು ಬೇರೆ ಬಣ್ಣದ ಚೀಟಿ ಮಾಡಿಕೊಳ್ಳಲಿ. ನಿಮ್ಮ ಮೊದಲ ವಾಕ್ಯವನ್ನು ಹೀಗೆ ಬರೆದುಕೊಳ್ಳಿ: ‘ಮಿ ಪಾದ್ರೆ ಬಿಬಿಯೋ ದಿಯೇಸ್ ಆನ್ಯೊಸ್ ಎನ್ ಖಡ್ಕಿ.’